ಅಚಲೆಯ ಚಲನೆ

ಕನ್ನಡ ನಾಡಿನ ಅನೇಕ ಮನೆಗಳ ದೇವರ ಸಂಪುಟದಲ್ಲಿ ಕಪ್ಪಾದ, ನುಣುಪಾದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಶಿಲೆಯೊಂದಿರುತ್ತದೆ. ಅದೇ ಸಾಲಿಗ್ರಾಮ. ತಲೆಮಾರುಗಳ ಅಭಿಷೇಕದಿಂದಲೂ ಗಂಧ ತುಳಸಿಗಳ ಸ್ಪರ್ಶದಿಂದಲೂ ಅದು ಇನ್ನಷ್ಟು ನುಣುಪಾಗಿರುತ್ತದೆ. ಕೆಲವು ಸಾಲಿಗ್ರಾಮಗಳು ಇಬ್ಭಾಗವಾಗಿ ತೆರೆದುಕೊಂಡಿರುತ್ತವೆ. ಒಳಗೆ ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಹೋಗುವ ಸುರುಳಿಯೊಂದು ಕಾಣುತ್ತದೆ. ಭಕ್ತರು ಅದನ್ನು ವಿಷ್ಣುವಿನ ಚಕ್ರವೆಂದು ಭಾವಿಸಿ ಕೈಮುಗಿಯುತ್ತಾರೆ. ಈ ಶಿಲೆಗಳು ದೊರೆಯುವುದು ನೇಪಾಳದ ಗಂಡಕೀ ನದಿಯ ಪಾತ್ರದಲ್ಲಿ, ಹಿಮಾಲಯದ ನಡುವಿನ ಮುಕ್ತಿನಾಥ ಕ್ಷೇತ್ರದ ಆಸುಪಾಸಿನಲ್ಲಿ.

ಭೂವಿಜ್ಞಾನಿ ಅದೇ ಶಿಲೆಯನ್ನು ಕೈಗೆತ್ತಿಕೊಂಡರೆ ಅದರಲ್ಲಿ ಬೇರೊಂದು ಕತೆಯನ್ನು ಓದುತ್ತಾನೆ. ಆ ಸುರುಳಿ ಅಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಅಚ್ಚು. ಆಕ್ಟೊಪಸ್ ಎಂಬ ಅಷ್ಟಪದಿಗೆ ದೂರದ ನಂಟನಾದ ಈ ಪ್ರಾಣಿ ಸಮುದ್ರದಲ್ಲಲ್ಲದೆ ಬೇರೆಲ್ಲಿಯೂ ಬದುಕಿದುದಿಲ್ಲ. ಅದರ ಕುಲವೇ ಅಳಿದು ಸುಮಾರು 6 ಕೋಟಿ 60 ಲಕ್ಷ ವರ್ಷಗಳಾದುವು; ಸಾಲಿಗ್ರಾಮದೊಳಗಿನ ಜೀವಿಗಳು ಸತ್ತು ಕಡಲ ತಳದ ಕೆಸರಿನಲ್ಲಿ ಹೂತುಹೋದುದು ಅದಕ್ಕೂ ಬಹಳ ಹಿಂದೆ. ಆದರೆ ಮುಕ್ತಿನಾಥವಿರುವುದು ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರದಲ್ಲಿ. ಅಲ್ಲಿಂದ ಅತ್ಯಂತ ಸಮೀಪದ ಕಡಲೂ ನೂರಾರು ಕಿಲೋಮೀಟರ್ ದೂರ. ಕಡಲಿನ ಜೀವಿ ಹಿಮದ ನಾಡಿಗೆ ಏರಿದ ಬಗೆ ಯಾವುದು?

ಸಂಸ್ಕೃತದಲ್ಲಿ ಭೂಮಿಗಿರುವ ಹಲವು ಹೆಸರುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದಿನ್ನೊಂದು. ಅಮರಸಿಂಹನು ತನ್ನ ಕೋಶದಲ್ಲಿ ಇವೆರಡನ್ನೂ ಎಣಿಸಿದ್ದಾನೆ. ಮನೆ ಕಟ್ಟುವವನು, ಉಳುವವನು, ನಡೆಯುವವನು ಎಲ್ಲರೂ ಈ ಸ್ಥಿರತೆಯನ್ನು ನಂಬಿಯೇ ಬಾಳುತ್ತಾರೆ. ಆ ನಂಬಿಕೆ ಪೂರ್ಣವಾಗಿ ನಿಜವಲ್ಲವೆಂದು ಕಂಡುಕೊಳ್ಳಲು ಮನುಷ್ಯನು ಮೊದಲು ತನ್ನ ಕಾಲಡಿಯ ನೆಲದೊಳಗೆ ಏನಿದೆಯೆಂದು ತಿಳಿಯಬೇಕಾಯಿತು. ಅದು ಸುಲಭದ ಕೆಲಸವಾಗಿರಲಿಲ್ಲ.

ನೆಲವನ್ನು ಅಗೆದು ನೋಡುವುದೇ ಸಹಜವಾದ ದಾರಿ. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದು ಶತಮಾನಕ್ಕೂ ಮಿಕ್ಕ ಕಾಲ ಕಾರ್ಮಿಕರು ನೆಲದೊಳಗೆ ಇಳಿಯುತ್ತ ಹೋದರು. 2001ರಲ್ಲಿ ಆ ಗಣಿಗಳು ಮುಚ್ಚುವ ಹೊತ್ತಿಗೆ ಅವು 3 ಕಿಲೋಮೀಟರಿಗೂ ಆಳವಾಗಿದ್ದುವು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನ ಭಾರವನ್ನು ತಾಳಲಾರದೆ ಬಂಡೆಗಳು ಒಮ್ಮೊಮ್ಮೆ ಸಿಡಿದು ಜನರ ಪ್ರಾಣವನ್ನೂ ತೆಗೆಯುತ್ತಿದ್ದುವು. ಇನ್ನೂ ಆಳಕ್ಕೆ ಇಳಿಯುವ ಹಟದಿಂದ ಸೋವಿಯತ್ ದೇಶದವರು 1970ರಲ್ಲಿ ಕೋಲಾ ಎಂಬ ಪರ್ಯಾಯದ್ವೀಪದಲ್ಲಿ ಕೊಳವೆಬಾವಿಯೊಂದನ್ನು ಕೊರೆಯತೊಡಗಿದರು. 1989ರಲ್ಲಿ ಅದು 12,262 ಮೀಟರ್ ಮುಟ್ಟಿತು. ಅಲ್ಲಿ ಉಷ್ಣತೆ 180 ಡಿಗ್ರಿಗೆ ಏರಿತ್ತು. ಬಂಡೆ ಮೆತ್ತಗಾಗಿ ಬೈರಿಗೆ ಮುಂದೆ ಸಾಗದಾಯಿತು. ಇಷ್ಟೆಲ್ಲ ಪ್ರಯಾಸಪಟ್ಟು ಇಳಿದ ದೂರವೆಷ್ಟು? ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಅದರ ಐನೂರರಲ್ಲಿ ಒಂದು ಪಾಲನ್ನೂ ಮನುಷ್ಯನ ಬೈರಿಗೆ ಮುಟ್ಟಿಲ್ಲ.

ಆದರೂ ಒಳಗಿನ ಸಂಗತಿಯನ್ನು ಒಡೆಯದೆ ತಿಳಿಯುವ ಉಪಾಯ ಜನಸಾಮಾನ್ಯರಿಗೆ ಹೊಸದಲ್ಲ. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವ ಗೃಹಿಣಿ ಅದನ್ನು ಕೈಯಲ್ಲಿ ತೂಗಿನೋಡುತ್ತಾಳೆ; ಕಿವಿಯ ಬಳಿ ಹಿಡಿದು ಕುಲುಕುತ್ತಾಳೆ. ಭೂಮಿಯ ವಿಷಯದಲ್ಲಿ ವಿಜ್ಞಾನಿಗಳು ಮಾಡಿದುದೂ ಇವೆರಡನ್ನೇ. ಮೊದಲು ತೂಗಿದರು. 1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಅತಿ ಸೂಕ್ಷ್ಮವಾದ ಪ್ರಯೋಗವೊಂದರಿಂದ, ಭೂಮಿ ಒಟ್ಟಾರೆ ನೀರಿಗಿಂತ ಸುಮಾರು ಐದೂವರೆ ಪಟ್ಟು ಸಾಂದ್ರವಾಗಿದೆಯೆಂದು ತೋರಿಸಿದನು. ಮೇಲ್ಮೈಯ ಕಲ್ಲುಗಳಾದರೋ ನೀರಿಗಿಂತ ಮೂರು ಪಟ್ಟಿನಷ್ಟೂ ಸಾಂದ್ರವಲ್ಲ. ಹಾಗಾದರೆ ಒಳಗೆಲ್ಲಿಯೋ ಕಲ್ಲಿಗಿಂತ ಬಹಳ ಭಾರವಾದ ವಸ್ತು, ಬಹುಶಃ ಕಬ್ಬಿಣ, ಅಡಗಿರಲೇಬೇಕು.

ಇನ್ನು ಕುಲುಕಿ ನೋಡುವ ಕೆಲಸ. ಭೂಮಿಯನ್ನು ಕುಲುಕುವ ಶಕ್ತಿ ಮನುಷ್ಯನಿಗಿಲ್ಲ. ಆ ಕೆಲಸವನ್ನು ಭೂಕಂಪಗಳು ತಾವಾಗಿಯೇ ಮಾಡಿಕೊಟ್ಟುವು. 1897ರ ಜೂನ್ 12ರ ಸಂಜೆ ಅಸ್ಸಾಮಿನಲ್ಲಿ ಭೀಕರವಾದ ಭೂಕಂಪವಾಯಿತು. ಶಿಲ್ಲಾಂಗಿನ ಕಲ್ಲು ಕಟ್ಟಡಗಳೆಲ್ಲ ನೆಲಸಮವಾದುವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಅಧಿಕಾರಿಯಾಗಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಆ ಪ್ರದೇಶವನ್ನು ಪರೀಕ್ಷಿಸಿ ದೊಡ್ಡದೊಂದು ವರದಿ ಬರೆದನು. ನೆಲದಲ್ಲಿ ಹುದುಗಿದ್ದ ಬಂಡೆಗಳು ಮೇಲಕ್ಕೆ ಚಿಮ್ಮಿ ಬಿದ್ದುದನ್ನು ಅವನು ಅದರಲ್ಲಿ ದಾಖಲಿಸಿದ್ದಾನೆ. ಅಸ್ಸಾಮಿನ ಈ ಕಂಪನವನ್ನು ಸಾವಿರಾರು ಕಿಲೋಮೀಟರ್ ದೂರದ ಯೂರೋಪಿನ ಭೂಕಂಪಮಾಪಕಗಳೂ ಗುರುತಿಸಿದ್ದುವು. ಆ ಗೀಟುಗಳನ್ನು ತರಿಸಿ ನೋಡಿದ ಓಲ್ಡ್‌ಹ್ಯಾಮನಿಗೆ ಒಂದು ಭೂಕಂಪದಿಂದ ಮೂರು ಬಗೆಯ ತರಂಗಗಳು ಹೊರಡುತ್ತವೆಂಬುದು ಸ್ಪಷ್ಟವಾಯಿತು.

ಎಲ್ಲಕ್ಕಿಂತ ಮೊದಲು ತಲಪುವುದು ಪ್ರಾಥಮಿಕ ತರಂಗ. ರೈಲಿನ ಎಂಜಿನ್ನು ಹಿಂದಕ್ಕೆ ಗುದ್ದಿದಾಗ ಡಬ್ಬಿಯಿಂದ ಡಬ್ಬಿಗೆ ಆ ನೂಕು ಹಾಯ್ದುಹೋಗುವಂತೆ ಇದು ಬಂಡೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಘನವಸ್ತುವಿನಲ್ಲಿಯೂ ದ್ರವದಲ್ಲಿಯೂ ಚಲಿಸಬಲ್ಲುದು. ಅದರ ಹಿಂದಿನಿಂದ ಬರುವುದು ದ್ವಿತೀಯಕ ತರಂಗ. ಬಾವಿಯ ಹಗ್ಗವನ್ನು ಒದರಿದಾಗ ಅದು ಹಾವಿನಂತೆ ಅಡ್ಡಡ್ಡ ಬಳುಕುವಂತೆ ಇದು ಬಂಡೆಯನ್ನು ಅಡ್ಡಲಾಗಿ ಅಲುಗಿಸುತ್ತದೆ. ದ್ರವದ ಮೂಲಕ ಇದು ಹಾಯಲಾರದು. ಕಡೆಯಲ್ಲಿ ಬರುವ ಮೇಲ್ಮೈ ತರಂಗಗಳು ನೆಲದ ಮೇಲ್ಪದರದಲ್ಲಿಯೇ ಸುತ್ತಿಬರುತ್ತವೆ. ಮೊದಲಿನ ಎರಡು ಭೂಮಿಯ ಒಡಲನ್ನೇ ತೂರಿಕೊಂಡು ಬರುವುದರಿಂದ ದಾರಿಯಲ್ಲಿ ಕಂಡುದನ್ನು ಹೇಳಬಲ್ಲ ದೂತರಂತೆ ಅವು ಒದಗಿದುವು. ಭೂಮಿಯ ನಟ್ಟನಡುವೆ ಹಾಯುವ ತರಂಗಗಳು ನಿರೀಕ್ಷಿಸಿದುದಕ್ಕಿಂತ ತಡವಾಗಿ ತಲಪುವುದನ್ನು ಕಂಡ ಓಲ್ಡ್‌ಹ್ಯಾಮ್, ಅಲ್ಲಿ ಬೇರೊಂದು ವಸ್ತುವಿನ ಗೋಳವೇ ಇದೆಯೆಂದು 1906ರಲ್ಲಿ ಸಾರಿದನು. ಕ್ರೊಯೇಷಿಯದ ಆಂದ್ರಿಯಾ ಮೊಹೊರೊವಿಚಿಚ್ 1909ರ ಭೂಕಂಪವೊಂದನ್ನು ಅಭ್ಯಸಿಸಿ ಮೇಲಿನ ತೊಗಟೆಗೂ ಅದರ ಕೆಳಗಿನ ಪದರಕ್ಕೂ ನಡುವಿನ ಗಡಿಯನ್ನು ಕಂಡುಹಿಡಿದನು. ಜರ್ಮನಿಯ ಬೆನೊ ಗುಟೆನ್‌ಬರ್ಗ್ ಒಳಗೋಳದ ಗಡಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿದೆಯೆಂದು ಲೆಕ್ಕಹಾಕಿದನು. ದ್ವಿತೀಯಕ ತರಂಗಗಳು ಆ ಗಡಿಯನ್ನು ದಾಟುವುದಿಲ್ಲ. ಆದುದರಿಂದ ಕೇಂದ್ರಗೋಳವೆಲ್ಲ ಕರಗಿದ ದ್ರವವೆಂಬ ತೀರ್ಮಾನಕ್ಕೆ ವಿದ್ವಾಂಸರು ಬಂದರು.

ಈ ತೀರ್ಮಾನ ಅರ್ಧ ಮಾತ್ರ ಸರಿಯೆಂದು ತೋರಿಸಿದವಳು ಡೆನ್ಮಾರ್ಕಿನ ಇಂಗೆ ಲೆಹ್ಮನ್. 1888ರಲ್ಲಿ ಹುಟ್ಟಿದ ಈಕೆ ಓದಿದ ಶಾಲೆಯಲ್ಲಿ ಹುಡುಗರು ಹುಡುಗಿಯರು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಪಾಠ, ಒಂದೇ ಆಟ. ಹೊರಗಿನ ಲೋಕ ಹಾಗಿಲ್ಲವೆಂಬುದು ಆಕೆಗೆ ಮುಂದೆ ತಿಳಿದುಬಂದಿತು. 1929ರ ಜೂನಿನಲ್ಲಿ ನ್ಯೂಜಿಲೆಂಡಿನಲ್ಲಿ ಪ್ರಬಲವಾದ ಭೂಕಂಪವಾಯಿತು. ಭೂಗೋಳದ ಮೇಲೆ ಅದು ಡೆನ್ಮಾರ್ಕಿಗೆ ಹೆಚ್ಚುಕಡಿಮೆ ನೇರ ಎದುರು ಬದಿ. ಆಗಿನ ಸಿದ್ಧಾಂತದ ಪ್ರಕಾರ, ದ್ರವರೂಪದ ಕೇಂದ್ರಗೋಳವು ತರಂಗಗಳನ್ನು ಬಗ್ಗಿಸಿಬಿಡುವುದರಿಂದ ಭೂಮಿಯ ಮೇಲೆ ಒಂದು ಪಟ್ಟಿಯಷ್ಟು ಪ್ರದೇಶಕ್ಕೆ ಪ್ರಾಥಮಿಕ ತರಂಗಗಳು ತಲಪಲೇಬಾರದು. ದೀಪದ ಮುಂದೆ ಚೆಂಡು ಹಿಡಿದಾಗ ಗೋಡೆಯ ಮೇಲೆ ನೆರಳು ಬೀಳುವಂತೆ ಅದು ನೆರಳಿನ ಪ್ರದೇಶ. ಆದರೆ ಆ ನೆರಳಿನಲ್ಲಿದ್ದ ಕೆಲವು ನಿಲಯಗಳ ದಾಖಲೆಗಳಲ್ಲಿ ತರಂಗದ ಸಣ್ಣ ಗುರುತುಗಳಿದ್ದುವು. ಬಹಳ ಮಂದಿ ಅವನ್ನು ಅಲಕ್ಷಿಸಿದ್ದರು. ಲೆಹ್ಮನ್ ಅಲಕ್ಷಿಸಲಿಲ್ಲ. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಆಕೆ ಒಂದೊಂದು ಭೂಕಂಪದ ವಿವರವನ್ನೂ ರಟ್ಟಿನ ಚೀಟಿಗಳ ಮೇಲೆ ಬರೆದು, ಓಟ್ಸ್ ಧಾನ್ಯದ ಖಾಲಿ ಡಬ್ಬಿಗಳಲ್ಲಿ ಜೋಡಿಸಿಟ್ಟು, ಮನೆಯ ತೋಟದ ಮೇಜಿನ ಮುಂದೆ ಕುಳಿತು ಲೆಕ್ಕಹಾಕುತ್ತಿದ್ದಳು. ದ್ರವದ ಗೋಳದ ನಡುವೆ ಇನ್ನೊಂದು ಗೋಳವಿದ್ದು, ಅದಕ್ಕೆ ತಾಗಿದ ತರಂಗಗಳು ಹೊರಳಿ ನೆರಳಿನ ಪ್ರದೇಶಕ್ಕೆ ಬೀಳುತ್ತವೆಂದು ಭಾವಿಸಿದರೆ ಮಾತ್ರ ಲೆಕ್ಕ ಹೊಂದುತ್ತಿತ್ತು. 1936ರಲ್ಲಿ ಆಕೆ ಇದನ್ನು ಪ್ರಕಟಿಸಿದಳು. ಆ ಪ್ರಬಂಧದ ಶೀರ್ಷಿಕೆ ಒಂದೇ ಒಂದು ಅಕ್ಷರ, ಅದರ ಪಕ್ಕಕ್ಕೊಂದು ಪುಟ್ಟ ಗೀಟು. ಇಷ್ಟು ದೊಡ್ಡ ಶೋಧಕ್ಕೆ ಇಷ್ಟು ಚಿಕ್ಕ ಹೆಸರಿಟ್ಟವರು ವಿರಳ. ಲೆಹ್ಮನ್ 104 ವರ್ಷ ಬಾಳಿ 1993ರಲ್ಲಿ ತೀರಿಕೊಂಡಳು.

ಹೀಗೆ ಭೂಮಿಯ ಒಡಲಿನ ಚಿತ್ರ ಪೂರ್ಣವಾಯಿತು. ಎಲ್ಲಕ್ಕೂ ಹೊರಗಿರುವುದು ಭೂತೊಗಟೆ. ಖಂಡಗಳ ಕೆಳಗೆ ಇದರ ದಪ್ಪ ಸಾಧಾರಣವಾಗಿ 30ರಿಂದ 40 ಕಿಲೋಮೀಟರ್, ಹಿಮಾಲಯ ಟಿಬೆಟ್‌ಗಳ ಕೆಳಗೆ 70ರಷ್ಟು. ಸಾಗರಗಳ ಕೆಳಗಾದರೋ ಕೇವಲ 6–7 ಕಿಲೋಮೀಟರ್. ತೊಗಟೆಯ ಕೆಳಗೆ 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್ ಎಂಬ ಮಧ್ಯಕವಚ ಹಬ್ಬಿದೆ. ಭೂಮಿಯ ಗಾತ್ರದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಇದೇ. ಇದು ಕರಗಿದ ಬೆಂಕಿಯ ಕಡಲೆಂಬ ಭಾವನೆ ಬಹಳ ಜನರಲ್ಲಿದೆ, ಅದು ತಪ್ಪು. ಮ್ಯಾಂಟಲ್ ಕಲ್ಲೇ, ಘನವೇ. ಆದರೆ ಡಾಂಬರಿನ ಗಟ್ಟಿಯನ್ನು ನೆನೆಯಬಹುದು: ಸುತ್ತಿಗೆಯಿಂದ ಹೊಡೆದರೆ ಅದು ಕಲ್ಲಿನಂತೆ ಒಡೆಯುತ್ತದೆ, ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಮೆಲ್ಲಗೆ ಹರಿಯುತ್ತದೆ. ಕುದಿಯುವಷ್ಟು ಕಾದ ಮ್ಯಾಂಟಲಿನ ಬಂಡೆಯೂ ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಹಾಗೆಯೇ ಹರಿಯುತ್ತದೆ. ಅದರ ಕೆಳಗೆ ಕರಗಿದ ಕಬ್ಬಿಣ ನಿಕ್ಕಲ್‌ಗಳ ಹೊರ ಕೇಂದ್ರಗೋಳ. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಅಯಸ್ಕಾಂತ ಕ್ಷೇತ್ರ ಹುಟ್ಟುವುದು ಈ ಕಬ್ಬಿಣದ ಹರಿದಾಟದಿಂದ. ಇದು ಸುಮಾರು 5,150 ಕಿಲೋಮೀಟರ್ ಆಳದವರೆಗೆ ಇದೆ. ನಟ್ಟನಡುವೆ ಲೆಹ್ಮನ್ ಕಂಡ ಒಳ ಕೇಂದ್ರಗೋಳ. ಅಲ್ಲಿಯ ಉಷ್ಣತೆ 5,000 ಡಿಗ್ರಿಗೂ ಮಿಗಿಲು. ಆದರೂ ಸುತ್ತಣ ಅಗಾಧ ಒತ್ತಡದಿಂದಾಗಿ ಕಬ್ಬಿಣ ಅಲ್ಲಿ ಕರಗಲಾರದೆ ಗಟ್ಟಿಯಾಗಿಯೇ ನಿಂತಿದೆ.

ಒಳಗಿನ ಪದರಗಳನ್ನು ತಿಳಿದ ಮಾತ್ರಕ್ಕೆ ಸಾಲಿಗ್ರಾಮದ ಒಗಟು ಬಿಡಲಿಲ್ಲ. ಮೇಲಿನ ತೊಗಟೆಯ ಕತೆಯನ್ನು ಅರಿಯಲು ಬೇರೆಯದೇ ಬಗೆಯ ಮನುಷ್ಯನೊಬ್ಬನು ಬೇಕಾಗಿದ್ದನು. ಅವನು ಜರ್ಮನಿಯ ಆಲ್‌ಫ್ರೆಡ್ ವೆಗೆನರ್. ವೃತ್ತಿಯಿಂದ ಅವನು ಹವಾಮಾನ ಶಾಸ್ತ್ರಜ್ಞ. ಭೂವಿಜ್ಞಾನಿಗಳ ಪಾಲಿಗೆ ಹೊರಗಿನವನು. ಆಫ್ರಿಕದ ಪಶ್ಚಿಮ ತೀರವೂ ದಕ್ಷಿಣ ಅಮೆರಿಕದ ಪೂರ್ವ ತೀರವೂ ಹರಿದ ಕಾಗದದ ಎರಡು ತುಂಡುಗಳಂತೆ ಒಂದಕ್ಕೊಂದು ಹೊಂದುವುದನ್ನು ಅವನಿಗಿಂತ ಹಿಂದೆಯೂ ಕೆಲವರು ಗಮನಿಸಿದ್ದರು. ವೆಗೆನರ್ ಅಂಚುಗಳನ್ನಷ್ಟೇ ಅಲ್ಲ, ಕಾಗದದ ಮೇಲಿನ ಅಕ್ಷರಗಳನ್ನೂ ಜೋಡಿಸಿ ನೋಡಿದನು.

ಆ ಅಕ್ಷರಗಳಲ್ಲಿ ಕೆಲವು ಭಾರತದಲ್ಲಿದ್ದುವು. ಬಂಗಾಳದ ರಾಣಿಗಂಜ್ ಮುಂತಾದೆಡೆಗಳ ಕಲ್ಲಿದ್ದಲ ಪದರಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ, ನಾಲಗೆಯಾಕಾರದ ಎಲೆಗಳ ಅಚ್ಚುಗಳು ಹೇರಳವಾಗಿವೆ. ಅದೇ ಗಿಡದ ಪಳೆಯುಳಿಕೆಗಳು ಆಸ್ಟ್ರೇಲಿಯ, ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿಯೂ ದೊರೆಯುತ್ತವೆ. ಒಡಿಶಾದ ತಾಲ್ಚೇರಿನಲ್ಲಿ ಹಿಮನದಿ ಹೊತ್ತುತಂದು ಸುರಿದ ಗುಂಡುಕಲ್ಲುಗಳ ಪದರವನ್ನು ಬ್ಲ್ಯಾನ್‌ಫರ್ಡ್ ಸೋದರರು 1856ರಲ್ಲಿಯೇ ಗುರುತಿಸಿದ್ದರು. ಬೇಸಗೆಯಲ್ಲಿ ಬೆಂಕಿಯಂತೆ ಸುಡುವ ಆ ನೆಲದಲ್ಲಿ ಹಿಮನದಿ! ಅಂಥ ಗುರುತುಗಳೂ ದಕ್ಷಿಣದ ಎಲ್ಲ ಖಂಡಗಳಲ್ಲಿವೆ. ಇವುಗಳ ಹೋಲಿಕೆಯನ್ನು ಕಂಡು ಆಸ್ಟ್ರಿಯದ ಎಡುವರ್ಡ್ ಸೂಸ್ ಎಂಬ ವಿದ್ವಾಂಸನು, ಮಧ್ಯಭಾರತದ ಗೊಂಡರ ನಾಡಿನ ಹೆಸರಿನಿಂದಲೇ, ಪ್ರಾಚೀನ ಕಾಲದ ದಕ್ಷಿಣ ಭೂಭಾಗವೊಂದನ್ನು ‘ಗೊಂಡ್ವಾನ’ ಎಂದು ಕರೆದಿದ್ದನು. ಆದರೆ ಖಂಡಗಳ ನಡುವೆ ಹಿಂದೆ ನೆಲದ ಸೇತುವೆಗಳಿದ್ದು ಅವು ಕಡಲಿನಲ್ಲಿ ಮುಳುಗಿಹೋದುವೆಂಬುದು ಆಗಿನವರ ಮತ. 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟ್ ನಗರದ ಸಭೆಯೊಂದರಲ್ಲಿ ವೆಗೆನರ್ ಬೇರೆ ಮಾತನ್ನಾಡಿದನು: ಮುಳುಗಿದುದು ಯಾವುದೂ ಇಲ್ಲ, ಖಂಡಗಳೆಲ್ಲ ಒಮ್ಮೆ ಕೂಡಿಕೊಂಡಿದ್ದುವು, ಅನಂತರ ಒಡೆದು ದೂರ ದೂರ ಸರಿದುವು. 1915ರಲ್ಲಿ ಇದನ್ನೇ ಗ್ರಂಥವಾಗಿ ಪ್ರಕಟಿಸಿದನು.

ಅದೇ 1912ರಲ್ಲಿ, ಭೂಮಿಯ ಇನ್ನೊಂದು ತುದಿಯಲ್ಲಿ, ವೆಗೆನರನಿಗೆ ಸಾಕ್ಷಿ ನುಡಿಯಬಲ್ಲ ಕಲ್ಲುಗಳು ಹಿಮದಲ್ಲಿ ಬಿದ್ದಿದ್ದುವು. ದಕ್ಷಿಣ ಧ್ರುವದಿಂದ ಹಿಂದಿರುಗುತ್ತಿದ್ದ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟನೂ ಅವನ ಸಂಗಡಿಗರೂ ಹಸಿವು ಚಳಿಗಳಿಂದ ಡೇರೆಯಲ್ಲಿಯೇ ಮಡಿದರು. ತಿಂಗಳುಗಳ ತರುವಾಯ ಹುಡುಕಿ ಬಂದವರಿಗೆ ಅವರ ಶವಗಳ ಬಳಿಯಲ್ಲಿ ಸುಮಾರು 16 ಕಿಲೋಗ್ರಾಂ ಕಲ್ಲುಗಳು ಸಿಕ್ಕಿದುವು. ಒಂದೊಂದು ಹೆಜ್ಜೆ ಇಡುವುದೂ ಕಷ್ಟವಾದಾಗಲೂ ಅವರು ಆ ಭಾರವನ್ನು ಎಸೆದಿರಲಿಲ್ಲ. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಗಳಿದ್ದುವು.

ಆದರೂ ಪಂಡಿತರು ವೆಗೆನರನನ್ನು ಒಪ್ಪಲಿಲ್ಲ. ಅವರ ಆಕ್ಷೇಪಣೆ ಕೇವಲ ಹಟದ್ದಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಇಷ್ಟು ದೊಡ್ಡ ಖಂಡಗಳನ್ನು ತಳ್ಳುವ ಬಲ ಯಾವುದು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ನಿಜಕ್ಕೂ ದುರ್ಬಲವಾಗಿತ್ತು. ಅವನು ಹೇಳಿದ ಬಲಗಳು ತೀರ ಅಲ್ಪವೆಂದು ಗಣಿತದಿಂದ ತೋರಿಸಲಾಯಿತು. ಚರ್ಚೆ ಅಲ್ಲಿಗೇ ನಿಂತಿತು. 1930ರಲ್ಲಿ ವೆಗೆನರ್ ಹವಾಮಾನ ಸಂಶೋಧನೆಗೆಂದು ಗ್ರೀನ್‌ಲೆಂಡಿನ ಹಿಮದ ಮೇಲೆ ತಂಡವೊಂದನ್ನು ಕರೆದೊಯ್ದಿದ್ದನು. ತೀರದಿಂದ 400 ಕಿಲೋಮೀಟರ್ ಒಳಗಿದ್ದ ನಿಲಯದಲ್ಲಿ ಚಳಿಗಾಲಕ್ಕೆ ಸಾಲುವಷ್ಟು ಸಾಮಗ್ರಿ ಇಲ್ಲದಿರಲು, ಅವನು ತಾನೇ ನಾಯಿಬಂಡಿಗಳೊಡನೆ ಹೊರಟನು. ನಿಲಯವನ್ನು ಮುಟ್ಟಿ, ನವೆಂಬರ್ 1ರಂದು, ಅಂದರೆ ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ರಾಸ್ಮುಸ್ ವಿಲ್ಲುಮ್ಸೆನ್ ಎಂಬ ಗ್ರೀನ್‌ಲೆಂಡಿನ ತರುಣನೊಡನೆ ಹಿಂದಿರುಗಿ ಹೊರಟನು. ಇಬ್ಬರೂ ತೀರವನ್ನು ಸೇರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ವೆಗೆನರನ ದೇಹ ಸಿಕ್ಕಿತು. ಆ ತರುಣನು ಅದನ್ನು ಹಿಮದಲ್ಲಿ ಮರ್ಯಾದೆಯಿಂದ ಹೂತು ಗುರುತಿಟ್ಟು ಮುಂದೆ ಹೋಗಿದ್ದನು. ಅವನ ಸುಳಿವು ಎಂದಿಗೂ ದೊರೆಯಲಿಲ್ಲ.

ಉತ್ತರ ದೊರೆತುದು ಯಾರೂ ನಿರೀಕ್ಷಿಸದ ಸ್ಥಳದಲ್ಲಿ, ಕಡಲಿನ ತಳದಲ್ಲಿ. 1950ರ ದಶಕದಲ್ಲಿ ಅಮೆರಿಕದ ಮೇರಿ ಥಾರ್ಪ್ ಹಡಗುಗಳು ಅಳೆದುತಂದ ಆಳಗಳಿಂದ ಅಟ್ಲಾಂಟಿಕ್ ಸಾಗರತಳದ ನಕ್ಷೆಯನ್ನು ಬರೆಯುತ್ತಿದ್ದಳು. ಆಗ ಹೆಂಗಸರನ್ನು ಸಂಶೋಧನೆಯ ಹಡಗಿಗೆ ಹತ್ತಿಸುತ್ತಿರಲಿಲ್ಲ. ಅಳೆಯುವವರು ಗಂಡಸರು, ಬರೆಯುವವಳು ಆಕೆ. ಸಾಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಬೆಟ್ಟಸಾಲೊಂದು ಹಬ್ಬಿದ್ದು, ಅದರ ನೆತ್ತಿಯುದ್ದಕ್ಕೂ ಸೀಳಿದಂಥ ಕಣಿವೆಯಿರುವುದು ಆಕೆಗೆ ಕಂಡಿತು. ಸಹೋದ್ಯೋಗಿ ಬ್ರೂಸ್ ಹೀಜೆನ್ ಮೊದಲು ಅದನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಿದನೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಭೂಕಂಪಗಳ ಕೇಂದ್ರಗಳನ್ನು ಗುರುತಿಸಿದ ಇನ್ನೊಂದು ನಕ್ಷೆಯನ್ನು ಪಕ್ಕಕ್ಕಿಟ್ಟಾಗ ಅವೆಲ್ಲ ಆ ಸೀಳಿನ ಮೇಲೆಯೇ ಸಾಲಾಗಿ ಬಿದ್ದುವು. ಹೀಜೆನ್ ಒಪ್ಪಿದನು. ಇಂಥ ಸಾಗರಮಧ್ಯದ ಏಣುಗಳು ಭೂಮಿಯನ್ನೆಲ್ಲ ಸುತ್ತಿದ್ದು ಅವುಗಳ ಒಟ್ಟು ಉದ್ದ ಸುಮಾರು 65,000 ಕಿಲೋಮೀಟರ್ ಎಂದು ಈಗ ತಿಳಿದಿದೆ.

ಈ ಏಣುಗಳಲ್ಲಿ ಕರಗಿದ ಶಿಲೆ ಕೆಳಗಿನಿಂದ ಉಕ್ಕಿಬಂದು ಗಟ್ಟಿಯಾಗಿ, ಹೊಸ ಸಾಗರತಳವಾಗಿ ಎರಡು ಕಡೆಗೂ ಸರಿಯುತ್ತದೆಂದು 1962ರಲ್ಲಿ ಹ್ಯಾರಿ ಹೆಸ್ ಊಹಿಸಿದನು. ಅದಕ್ಕೆ ರುಜುವಾತು ಒದಗಿದುದು ಅರಬ್ಬೀ ಸಮುದ್ರದಿಂದಾಚೆಗಿನ ಕಾರ್ಲ್ಸ್‌ಬರ್ಗ್ ಏಣಿನಲ್ಲಿ. ಶಿಲೆ ಗಟ್ಟಿಯಾಗುವಾಗ ಭೂಮಿಯ ಅಯಸ್ಕಾಂತ ಕ್ಷೇತ್ರದ ದಿಕ್ಕು ಅದರಲ್ಲಿ ಅಚ್ಚಾಗಿ ಉಳಿಯುತ್ತದೆ. ಆ ದಿಕ್ಕು ಭೂಮಿಯ ಇತಿಹಾಸದಲ್ಲಿ ಎಷ್ಟೋ ಸಲ ಅದಲುಬದಲಾಗಿದೆ. ಏಣಿನ ಎರಡು ಕಡೆಯೂ ಒಂದೇ ತೆರನಾದ ಅಯಸ್ಕಾಂತದ ಪಟ್ಟೆಗಳು, ಸೀರೆಯ ಎರಡು ಅಂಚುಗಳಂತೆ ಸಮವಾಗಿ ಇರಬೇಕೆಂದು ಬ್ರಿಟನ್ನಿನ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ವಿವರಿಸಿದರು. ಮುಂದಿನ ಅಳತೆಗಳು ಅದನ್ನು ಸ್ಥಿರಪಡಿಸಿದುವು. ಖಂಡಗಳಲ್ಲಿ 300 ಕೋಟಿ ವರ್ಷ ದಾಟಿದ ಶಿಲೆಗಳುಂಟು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೇ ಸುಮಾರು ಅಷ್ಟು ಹಳೆಯದು. ಆದರೆ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಶಿಲೆ ಇಲ್ಲವೆನ್ನುವಷ್ಟು ಅಪರೂಪ. ಹುಟ್ಟಿದ ತಳವೆಲ್ಲ ಎಲ್ಲಿಯೋ ಮತ್ತೆ ಮುಳುಗಿಹೋಗುತ್ತಿದೆಯೆಂದೇ ಇದರ ಅರ್ಥ.

1967–68ರ ಹೊತ್ತಿಗೆ ಇವೆಲ್ಲವೂ ಕೂಡಿ ಭೂಫಲಕಗಳ ಸಿದ್ಧಾಂತವಾಯಿತು. ಇದರ ಪ್ರಕಾರ ತೊಗಟೆಯೂ ಮ್ಯಾಂಟಲಿನ ಮೇಲ್ಭಾಗವೂ ಸೇರಿ ಸುಮಾರು 100 ಕಿಲೋಮೀಟರ್ ದಪ್ಪದ ಗಡುಸಾದ ಶಿಲಾಗೋಳವಾಗಿದೆ. ಇದು ಅಖಂಡವಲ್ಲ, ಏಳೆಂಟು ದೊಡ್ಡ ಫಲಕಗಳಾಗಿಯೂ ಹಲವು ಸಣ್ಣ ಫಲಕಗಳಾಗಿಯೂ ಒಡೆದಿದೆ. ಅವು ಕೆಳಗಿನ ಮೆದುವಾದ ಪದರದ ಮೇಲೆ ಜಾರುತ್ತಿರುತ್ತವೆ. ವೆಗೆನರನು ತಿಳಿದಂತೆ ಖಂಡ ತಾನೇ ಕಡಲನ್ನು ಸೀಳಿಕೊಂಡು ಹೋಗುವುದಿಲ್ಲ; ತೆಪ್ಪದ ಮೇಲಿನ ಗಂಟಿನಂತೆ ಫಲಕದ ಮೇಲೆ ಕುಳಿತು ಸಾಗುತ್ತದೆ. ತಳ್ಳುವ ಬಲದ ಪ್ರಶ್ನೆಗೂ ಈಗ ಉತ್ತರವುಂಟು. ಕುದಿಯುವ ಎಸರಿನಂತೆ ಮ್ಯಾಂಟಲ್ ಒಳಗೊಳಗೇ ಮೇಲಕ್ಕೂ ಕೆಳಕ್ಕೂ ಹರಿದಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ತಣ್ಣಗಾಗಿ ಭಾರವಾದ ಸಾಗರಫಲಕದ ಅಂಚು ಮ್ಯಾಂಟಲಿನೊಳಗೆ ಮುಳುಗುವಾಗ, ಮಂಚದಿಂದ ಜಾರಿದ ಒದ್ದೆ ಕಂಬಳಿಯ ತುದಿ ಉಳಿದ ಕಂಬಳಿಯನ್ನು ಎಳೆದುಕೊಳ್ಳುವಂತೆ, ಹಿಂದಿನ ಫಲಕವನ್ನೆಲ್ಲ ತನ್ನೊಡನೆ ಎಳೆಯುತ್ತದೆ.

ಈ ಬೆಳಕಿನಲ್ಲಿ ಭಾರತದ ಕತೆ ಒಂದು ದೀರ್ಘ ಯಾತ್ರೆಯ ಕತೆ. ಗೊಂಡ್ವಾನದಲ್ಲಿ ಅದು ಆಫ್ರಿಕ, ಮಡಗಾಸ್ಕರ್, ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳ ನಡುವೆ ಸಿಕ್ಕಿಕೊಂಡಿತ್ತು. ಸುಮಾರು 13 ಕೋಟಿ ವರ್ಷಗಳ ಹಿಂದೆ ಅದು ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳಿಂದ ಬೇರೆಯಾಗತೊಡಗಿತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರಿನಿಂದಲೂ ಕಳಚಿಕೊಂಡಿತು. ಆ ಬಿರುಕಿನಲ್ಲಿ ಉಕ್ಕಿದ ಲಾವಾರಸ ಉಡುಪಿಯ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಇಂದಿಗೂ ನಿಂತಿದೆ. ಶಿಲ್ಪಿ ಕಡೆದು ನಿಲ್ಲಿಸಿದಂತೆ ಕಾಣುವ ಅಲ್ಲಿಯ ಬಹುಮುಖದ ಕಂಬಗಳು ಆ ರಸ ತಣಿಯುವಾಗ ಬಿರಿದು ಆದಂಥವು. ಅದೇ ವಯಸ್ಸಿನ ಲಾವಾಶಿಲೆಗಳು ಮಡಗಾಸ್ಕರಿನಲ್ಲಿಯೂ ಉಂಟು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಲಾವಾ ಪದರ ಪದರವಾಗಿ ಹರಡಿತು. ಬೀದರ್, ಕಲಬುರಗಿ, ವಿಜಯಪುರಗಳ ಕಡೆಯ ಎರೆಭೂಮಿ, ಜೋಳ ಹತ್ತಿಗಳನ್ನು ಬೆಳೆಯುವ ಆ ಕರಿಮಣ್ಣು, ಬಹುಮಟ್ಟಿಗೆ ಆ ಲಾವಾದ ಪುಡಿಯೇ.

ಅಷ್ಟರಲ್ಲಿ ಭಾರತ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚಿನ ವೇಗದಿಂದ ಉತ್ತರಕ್ಕೆ ಸಾಗುತ್ತಿತ್ತು. ಫಲಕಗಳ ಲೋಕದಲ್ಲಿ ಇದು ನಾಗಾಲೋಟ. ಅದಕ್ಕೂ ಏಷ್ಯಕ್ಕೂ ನಡುವೆ ಟೆಥಿಸ್ ಎಂಬ ಕಡಲು ಹಬ್ಬಿತ್ತು. ಆ ಕಡಲಿನ ತಳ ಏಷ್ಯದ ಅಂಚಿನಡಿಯಲ್ಲಿ ಮುಳುಗುತ್ತ ಹೋಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಎರಡು ನೆಲಗಳೇ ಮುಖಾಮುಖಿಯಾದುವು. ಖಂಡದ ಶಿಲೆ ಹಗುರವಾದುದರಿಂದ ಸಾಗರತಳದಂತೆ ಸುಲಭವಾಗಿ ಮುಳುಗದು. ಟೆಥಿಸಿನ ದಂಡೆಯಲ್ಲಿ ಕೋಟ್ಯಂತರ ವರ್ಷಗಳಿಂದ ಸಂಚಯವಾಗಿದ್ದ ಕೆಸರಿನ ಪದರಗಳು ನೆರಿಗೆ ನೆರಿಗೆಯಾಗಿ ಮಡಿಸಿ, ಒಂದರ ಮೇಲೊಂದು ಏರಿ, ಹಿಮಾಲಯವಾಗಿ ಎದ್ದುವು. ಎವರೆಸ್ಟ್ ಶಿಖರದ ನೆತ್ತಿ ಸುಣ್ಣಕಲ್ಲು. ಅದರಲ್ಲಿ ಕಡಲ ಜೀವಿಗಳ ಚೂರುಗಳಿವೆ. ಅಮೊನೈಟುಗಳು ಹೂತಿದ್ದ ಕಪ್ಪು ಕೆಸರೂ ಹಾಗೆಯೇ ಮೇಲೆದ್ದಿತು. ಗಂಡಕೀ ನದಿ ಆ ಪದರಗಳನ್ನು ಕೊರೆದು, ಉರುಳಿಸಿ, ಉಜ್ಜಿ ತಂದ ಗಟ್ಟಿಗಳೇ ಸಾಲಿಗ್ರಾಮಗಳು.

ಈ ಯಾತ್ರೆ ಇನ್ನೂ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೃತಕ ಉಪಗ್ರಹಗಳ ಸಂಕೇತಗಳಿಂದ ತನ್ನ ಸ್ಥಾನವನ್ನು ತಾನೇ ನಿಷ್ಕೃಷ್ಟವಾಗಿ ಅಳೆಯುವ ಉಪಕರಣವೊಂದನ್ನು 1990ರ ದಶಕದಲ್ಲಿ ಸ್ಥಾಪಿಸಲಾಯಿತು. ಅಂಥ ಅಳತೆಗಳ ಪ್ರಕಾರ ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಹುಟ್ಟಿದಂದಿನಿಂದ ಇಂದಿನವರೆಗೆ ಅವನ ಮನೆ, ಶಾಲೆ, ಊರ ಕೆರೆ, ಗುಡಿಗಳೆಲ್ಲ ಹೆಚ್ಚುಕಡಿಮೆ ಮುಕ್ಕಾಲು ಮೀಟರಿನಷ್ಟು ಪಯಣಿಸಿವೆ.

ಅಷ್ಟು ನೂಕು ಎಲ್ಲಿಗೆ ಹೋಗುತ್ತದೆ? ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟನ್ನು ಹಿಮಾಲಯವೇ ನುಂಗಿಕೊಳ್ಳುತ್ತದೆ. ಅಲ್ಲಿ ಎರಡು ಫಲಕಗಳ ಬಂಡೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತಿರುವುದರಿಂದ ಬಾಗಿಸಿದ ಬಿಲ್ಲಿನಲ್ಲಿರುವಂತೆ ಬಲ ಸಂಚಯವಾಗುತ್ತದೆ. ಹಿಡಿತ ತಪ್ಪಿದ ಕ್ಷಣದಲ್ಲಿ ದಶಕಗಳ ಚಲನೆ ನಿಮಿಷದೊಳಗೆ ನಡೆದುಹೋಗುತ್ತದೆ. 1934ರ ಬಿಹಾರ–ನೇಪಾಳ ಭೂಕಂಪ, 1950ರ ಅಸ್ಸಾಂ ಭೂಕಂಪ, 2015ರ ನೇಪಾಳದ ಭೂಕಂಪಗಳು ಹಾಗೆ ಆದವು. 2015ರದೊಂದರಲ್ಲಿಯೇ ಸುಮಾರು 9,000 ಜನ ಸತ್ತರು. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಸಾಗರತಳದ ಫಲಕದ ಅಂಚು ಜಾರಿದಾಗ ಎದ್ದ ಸುನಾಮಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು.

ಫಲಕದ ಅಂಚಿನಿಂದ ದೂರವಿದ್ದವರು ಪೂರ್ಣವಾಗಿ ಸುರಕ್ಷಿತರೆಂದೂ ಹೇಳುವಂತಿಲ್ಲ. ಹಿಮಾಲಯದ ಒತ್ತಡ ದಖ್ಖನಿನ ಹಳೆಯ ಬಿರುಕುಗಳನ್ನೂ ಮುಟ್ಟುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶನ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕರ್ನಾಟಕದ ಗಡಿಗೆ ಸಮೀಪದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಕಂಪನದ ಪ್ರಮಾಣ 6.2ರಷ್ಟು, ಹಿಮಾಲಯದ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಅಲ್ಲಿಯ ಮನೆಗಳಿಗೆ ಮಣ್ಣಿನಿಂದ ಕೂಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ. ಬಿಸಿಲಿಗೆ ತಂಪಾಗಿರಲೆಂದು ಕಟ್ಟಿದ ಆ ಮನೆಗಳೇ ಮಲಗಿದ್ದವರ ಮೇಲೆ ಕುಸಿದುವು. ಸುಮಾರು 10,000 ಮಂದಿ ಸತ್ತರು.

ಭೂಕಂಪ ಇಂಥ ದಿನ, ಇಂಥ ಗಳಿಗೆಯಲ್ಲಿ ಆಗುತ್ತದೆಂದು ಮುಂದಾಗಿ ಹೇಳುವ ವಿದ್ಯೆ ಇಂದಿಗೂ ಕೈಗೂಡಿಲ್ಲ. ಯಾವ ಪ್ರದೇಶದಲ್ಲಿ ಎಷ್ಟು ಅಪಾಯವಿದೆಯೆಂದು ಮಾತ್ರ ಹೇಳಬಹುದು. ಅದಕ್ಕೆ ತಕ್ಕಂತೆ ಮನೆ ಕಟ್ಟಬಹುದು. 1897ರಲ್ಲಿ ಕಲ್ಲು ಕಟ್ಟಡಗಳೆಲ್ಲ ಬಿದ್ದ ಮೇಲೆ ಶಿಲ್ಲಾಂಗಿನ ಜನ ಮತ್ತೆ ಕಲ್ಲಿನ ಗೋಡೆ ಎಬ್ಬಿಸಲು ಹೋಗಲಿಲ್ಲ. ಮರದ ಚೌಕಟ್ಟು ನಿಲ್ಲಿಸಿ, ಇಕ್ರಾ ಎಂಬ ಜೊಂಡಿನ ತಡಿಕೆ ಕಟ್ಟಿ, ಅದಕ್ಕೆ ಗಾರೆ ಮೆತ್ತಿ, ಮೇಲೆ ಹಗುರವಾದ ತಗಡು ಹೊದಿಸಿದರು. ‘ಅಸ್ಸಾಂ ಮಾದರಿಯ ಮನೆ’ಯೆಂದು ಹೆಸರಾದ ಅಂಥ ಮನೆಗಳು ಆ ಸೀಮೆಯಲ್ಲಿ ಇಂದಿಗೂ ಉಳಿದಿವೆ. ನೆಲ ಅಲುಗಿದಾಗ ಅವೂ ಅದರೊಡನೆ ಅಲುಗಾಡಿ, ಮತ್ತೆ ನೆಟ್ಟಗೆ ನಿಲ್ಲುತ್ತವೆ.